ಒಂದೂವರೆ ನೂಲಿನ ಋಣ

ಬೆಳಗಿನ ಆರು ಗಂಟೆ. ಅಹಮದಾಬಾದಿನ ಸರಸಪುರದ ಮಿಲ್ಲುಗಳು ಇನ್ನೂ ಕೂಗಿಲ್ಲ. ಗಲ್ಲಿಯ ಕೊನೆಯ ಕುರ್ಚಿ ಕಾರ್ಖಾನೆಯ ಬಾಗಿಲು ಮಾತ್ರ ಆಗಲೇ ತೆರೆದಿದೆ. ಒಳಗೆ ಐವತ್ತೆಂಟರ ಅನಂತರಾಮಾಚಾರ್ ಪಂಚೆ ಎತ್ತಿ ಕಟ್ಟಿಕೊಂಡು, ಕಣ್ಣು ಮುಚ್ಚಿ, ತೇಗದ ಹಲಗೆಯೊಂದನ್ನು ಸವರುತ್ತಿದ್ದಾರೆ. ಒಂದು ಕಡೆ ಬೆರಳು ನಿಲ್ಲುತ್ತದೆ. ಮರ ನಯಮಾಡುವ ಹತ್ತರಿ ಹಿಡಿದು ಅಲ್ಲಿ ಎರಡೇ ಎರಡು ಸಲ ಹೊಡೆದು, ಮತ್ತೆ ಸವರುತ್ತಾರೆ.

"ಕಣ್ಣಿಗೆ ಮರ ಸುಲಭವಾಗಿ ಮೋಸ ಮಾಡತ್ತೆ ಸ್ವಾಮಿ. ಕೈಗೆ ಮಾಡಕ್ಕಾಗಲ್ಲ," ಎನ್ನುತ್ತಾರೆ.

ಅವರು ಮಾಡುತ್ತಿರುವುದು ಹೊಸ ಕಾಲದ ಕುರ್ಚಿಯ ಕೂರುಹಲಗೆ. ಕೆತ್ತನೆಯಿಲ್ಲ, ಕೈಯಿಲ್ಲ, ದಿಂಬಿಲ್ಲ. ಸಣಕಲು ಉಕ್ಕಿನ ಚೌಕಟ್ಟು, ಅದರೊಳಗೆ ಕೂರುವವರ ಮೈಗೆ ತಕ್ಕ ಹಾಗೆ ತುಸು ತಗ್ಗಿಸಿದ ಮರ, ಅಷ್ಟೆ. ಮೊದಲ ಸಲ ಇದನ್ನು ನೋಡಿದ ಅವರ ಹೆಂಡತಿ ರಮಾಮಣಿ, "ಇದೇನ್ರೀ, ಅರ್ಧಕ್ಕೇ ಬಿಟ್ಟು ಬಂದಿದೀರಾ?" ಎಂದಿದ್ದರಂತೆ. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಹಲಗೆ. ಐದು ವರ್ಷದಲ್ಲಿ ಮೂರು ಸಾವಿರ ದಾಟಿರಬೇಕು. ಆದರೆ ಆಚಾರರ ಮನೆಯಲ್ಲಿ ಒಂದೂ ಕುರ್ಚಿಯಿಲ್ಲ. ಚಾಪೆಯೇ ಹಿತ ಎನ್ನುತ್ತಾರೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಅವರು ಇಪ್ಪತ್ತೆರಡು ವರ್ಷ ಅಚ್ಚಿನ ಬಡಗಿಯಾಗಿದ್ದವರು. ಎರಕ ಹೊಯ್ಯುವ ಮೊದಲು ಆ ವಸ್ತುವನ್ನು ಮರದಲ್ಲಿ ಮಾಡಿಕೊಡುವ ಕೆಲಸ. ರೈಲ್ವೆಯಲ್ಲಿದ್ದ ಭಾವನ ಮಾತು ಕೇಳಿ ವಡೋದರದ ಎರಕದ ಕಾರ್ಖಾನೆಯೊಂದಕ್ಕೆ ಬಂದರು. ಮೂರೇ ವರ್ಷಕ್ಕೆ ಅದು ಬಾಗಿಲು ಹಾಕಿತು. ಮಂಜಲ್‌ಪುರದ ಒಂದೇ ಕೋಣೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಕೈಯಲ್ಲಿ ಕೆಲಸವಿಲ್ಲ. ಆಗ ಅವರನ್ನು ಹುಡುಕಿಕೊಂಡು ಬಂದವಳು ನಳಿನಿ. ಅಹಮದಾಬಾದಿಗೆ ವರ್ಗವಾಗಿ ಬಂದ ಧಾರವಾಡದ ಬ್ಯಾಂಕ್ ಅಧಿಕಾರಿಯ ಮಗಳು, ಈ ಕುರ್ಚಿಗಳ ವಿನ್ಯಾಸ ಮಾಡುವ ಹುಡುಗಿ.

"ನನಗ ನಕ್ಷೆ ಓದೋ ಬಡಿಗ್ಯಾರು ಬೇಕಿತ್ತು," ಎನ್ನುತ್ತಾಳೆ ನಳಿನಿ. "ಕಾಕಾ ನನ್ನ ಡ್ರಾಯಿಂಗ್ ನೋಡಿ, ಬಸ್, ಎರಡ ಮಿನಿಟಿನಾಗ ಒಂದು ತಪ್ಪು ಹಿಡದ್ರು. ಅವತ್ತೇ ಕರಕೊಂಡು ಬಂದೆ."

"ಆ ತಾಯಿ ಬರದಿದ್ರೆ ನಾವು ಗಂಟುಮೂಟೆ ಕಟ್ಟಬೇಕಿತ್ತು," ಎನ್ನುತ್ತಾರೆ ಆಚಾರರು.

ಆ ಹುಡುಗಿಯ ಕುರ್ಚಿಗಳಿಗೆ ಹೋದ ವರ್ಷ ಜರ್ಮನಿಯ ಅಂತರರಾಷ್ಟ್ರೀಯ ಮೇಳದಲ್ಲಿ ಜಾಗ ಸಿಕ್ಕಿತು. ಹನ್ನೆರಡು ಕುರ್ಚಿ ಹೋಗಬೇಕು. ಚೌಕಟ್ಟು ಮಾಡುವುದು ಸೂರತ್ತಿನ ಉಧ್ನಾದಲ್ಲಿ ಬೆಸುಗೆಯ ಕೆಲಸಗಾರ ಠಾಕೋರ್‌ಭಾಯಿ. ಹಲಗೆ ಆಚಾರರದು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ದಸರೆ ಮುಗಿದ ಮೇಲೆ ಆಚಾರರು ಹಲಗೆಗಳನ್ನು ಮಾಡಿದರು, ಕಾರ್ಖಾನೆಯ ಪಾಲಿಶ್ ಕೆಲಸದ ಇಸ್ಮಾಯಿಲ್‌ಭಾಯಿ ಅವಕ್ಕೆ ಕನ್ನಡಿಯಂಥ ಹೊಳಪು ಕೊಟ್ಟರು. ಮುಂಬಯಿ ಬಂದರಿಗೆ ಪೆಟ್ಟಿಗೆ ಹೊರಡಲು ನಾಲ್ಕು ದಿನವಿದೆ ಎನ್ನುವಾಗ ಉಧ್ನಾದಿಂದ ಚೌಕಟ್ಟುಗಳು ಬಂದವು. ಮೊದಲನೇ ಹಲಗೆ ಕೂರಲಿಲ್ಲ. ಎರಡನೆಯದೂ ಇಲ್ಲ. ಹನ್ನೆರಡರಲ್ಲಿ ಒಂದೂ ಕೂರಲಿಲ್ಲ.

ಆಚಾರರ ಸ್ಕೇಲೆಂದರೆ ಆ ಕಾರ್ಖಾನೆಯಲ್ಲಿ ಎರಡು ಮಾತಿಲ್ಲ. ಅದರಿಂದಲೇ ಅಳೆದರು. ಹಲಗೆ ಸರಿಯಾಗಿ ಹದಿನೆಂಟು ಇಂಚು. ಚೌಕಟ್ಟು ಒಂದೂವರೆ ನೂಲು ಕಮ್ಮಿ. ಇಂಚಿಗೆ ಎಂಟು ನೂಲು ಎನ್ನುವುದು ಬಡಗಿಗಳ ಲೆಕ್ಕ. ಆಚಾರರಿಗೆ ಪಿತ್ತ ನೆತ್ತಿಗೇರಿತು. "ಆ ಉಧ್ನಾದವನಿಗೆ ಕಣ್ಣಿದೆಯೋ ಇಲ್ಲವೋ!" ಎಂದು ಎಲ್ಲರೆದುರು ಕೂಗಾಡಿದರು. ಚೌಕಟ್ಟು ವಾಪಸು, ಇನ್ನು ಮುಂದೆ ನಿನಗೆ ಕೆಲಸವಿಲ್ಲ ಎಂದು ಠಾಕೋರ್‌ಭಾಯಿಗೆ ತಂತಿ ಕಳಿಸಲು ಕಾರ್ಖಾನೆಯ ಮಾಲೀಕರು ಫಾರಂ ತುಂಬತೊಡಗಿದರು.

ಆಚಾರರು ಇನ್ನೊಂದು ಚೌಕಟ್ಟು ಅಳೆದರು. ಒಂದೂವರೆ ನೂಲು. ಮತ್ತೊಂದು. ಒಂದೂವರೆ ನೂಲು. ಕೈಯಲ್ಲಿದ್ದ ಸ್ಕೇಲನ್ನೇ ತಿರುಗಿಸಿ ನೋಡಿದರು.

ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ, ಅಡಿಗೆ ಒಂದು ನೂಲು. ಅದಕ್ಕೇ ಅಚ್ಚಿನ ಬಡಗಿಗೆ ಬೇರೆಯೇ ಸ್ಕೇಲುಂಟು. ಅದರ ಒಂದೊಂದು ಅಡಿಯೂ ಒಂದು ನೂಲು ಹೆಚ್ಚು ಉದ್ದ, ಹದಿನೆಂಟು ಇಂಚಿಗೆ ಒಂದೂವರೆ ನೂಲು. ಭದ್ರಾವತಿಯ ಆ ಸ್ಕೇಲನ್ನು ಆಚಾರರು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದರು. ಆಯುಧಪೂಜೆಯ ದಿನ ಬೀದಿಯಲ್ಲೆಲ್ಲ ಗರಬಾ ನಡೆದಿರುವಾಗ, ಅವರ ಮನೆಯಲ್ಲಿ ಮಣೆಯ ಮೇಲೆ ಎಲ್ಲ ಉಪಕರಣಗಳೂ ಕೂತಿದ್ದವು. ಎರಡು ಸ್ಕೇಲೂ ಅಕ್ಕಪಕ್ಕ, ಒಂದೇ ಬಣ್ಣ. ಗುರುತಿಗಿದ್ದ ಎರಡು ಪುಟ್ಟ ಅಕ್ಷರಗಳ ಮೇಲೆ ಕುಂಕುಮ. ಮರುದಿನ ಕೈಗೆ ಸಿಕ್ಕಿದ್ದನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿಕೊಂಡಿದ್ದರು. ಅದು ಭದ್ರಾವತಿಯದು.

"ನಾನು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಒಂದು ಗಳಿಗೆ ಸುಮ್ನೇ ಇದ್ದೆ, ಸುಳ್ಳು ಹೇಳಬಾರದು," ಎನ್ನುತ್ತಾರೆ. "ಆಮೇಲೆ ಹೋಗಿ ಮಾಲೀಕರ ಪೆನ್ನು ಹಿಡ್ಕೊಂಡೆ. ಸಾಹೇಬ್ರೇ, ಅವರದಲ್ಲ, ನನ್ನದು ಅಂದೆ."

ಮಾಲೀಕರು ಅವರನ್ನೇ ದಿಟ್ಟಿಸಿ, ಫಾರಂ ಹರಿದು, ಚಹಾ ತರಿಸಿದರು. ನಳಿನಿ, "ನಾನೂ ಅಳತಿ ನೋಡಬೇಕಿತ್ತಲ್ಲ, ಕಾಕಾ," ಎಂದಳು. ಅಂಚು ಹತ್ತರಿಸಿದರೆ ಪಾಲಿಶ್ ಪೂರ್ತಿ ಹೋದಂತೆಯೇ. ಆಚಾರರು ಹತ್ತರಿಸಿ ಕೊಟ್ಟ ಹನ್ನೆರಡಕ್ಕೂ ಮೊದಲಿಂದ ಪಾಲಿಶ್ ಕೊಡಬೇಕಿದ್ದ ಇಸ್ಮಾಯಿಲ್‌ಭಾಯಿ ಬಟ್ಟೆಯನ್ನು ಅರಗಿನಲ್ಲಿ ಅದ್ದಿದರು. ನಾಲ್ಕನೇ ದಿನ ಪೆಟ್ಟಿಗೆಗಳು ರೈಲು ಹತ್ತಿದವು. "ಬೈದಿದ್ರೆ ತಡ್ಕೋಬಹುದಿತ್ತು. ಅವರು ಯಾರೂ ಬೈಯಲಿಲ್ಲ. ಆ ಋಣ ಹೇಗೆ ತೀರಿಸಲಿ ಹೇಳಿ?"

ಮೇಳದಲ್ಲಿ ನಳಿನಿ ಬಿಳಿ ಕಟ್ಟೆಯ ಮೇಲೆ ಕುರ್ಚಿಗಳನ್ನಿಟ್ಟು, ಒಂದನ್ನು ಮಾತ್ರ ಬೋರಲು ಹಾಕಿದ್ದಳಂತೆ, ಒಳಗಿನ ಕೆಲಸ ಕಾಣಲೆಂದು. ಜನ ಬಗ್ಗಿ ನೋಡಿದರು. "ಒಬ್ಬ ವ್ಯಾಪಾರಿ ಮರಕ್ಕೂ ಉಕ್ಕಿಗೂ ನಡುವ ಉಗುರು ತೂರಿಸಿ ನೋಡಿದ. ಹೋಗಲಿಲ್ಲ!" ಎನ್ನುತ್ತಾಳೆ. ಆತನೇ ನಾನೂರು ಕುರ್ಚಿ ಬೇಕೆಂದ. ಮೇಳದ ಪುಸ್ತಕದಲ್ಲಿ ಅವಳ ಹೆಸರಿದೆ, ಕಾರ್ಖಾನೆಯ ಹೆಸರಿದೆ. ಆಚಾರರ ಹೆಸರಿಲ್ಲ. ಬೇಸರವೇ ಎಂದರೆ ಅವರು ನಗುತ್ತಾರೆ. "ನನ್ನ ಹೆಸರು ಹಾಕಿದ್ರೆ ಸ್ಕೇಲಿನ ಕತೇನೂ ಹಾಕಬೇಕಾಗ್ತಿತ್ತು."

ಆಸೆಯೇನಾದರೂ ಇದೆಯೇ ಎಂದು ಕೇಳಿದರೆ, ಒಂದಿದೆ ಎನ್ನುತ್ತಾರೆ. ಬರುವ ಭಾನುವಾರ ಪ್ಯಾಸೆಂಜರ್ ಗಾಡಿ ಹತ್ತಿ ಉಧ್ನಾಕ್ಕೆ ಹೋಗಬೇಕಂತೆ. ರಮಾಮಣಿ ಚಕ್ಕುಲಿ ಕಟ್ಟಿಕೊಡುತ್ತಾರಂತೆ.

"ಠಾಕೋರ್‌ಭಾಯಿಗೆ ಏನೂ ಗೊತ್ತಿಲ್ಲ. ನಾನು ಬೈದಿದ್ದೂ ಗೊತ್ತಿಲ್ಲ, ಅವರ ಅನ್ನಕ್ಕೆ ಕಲ್ಲು ಹಾಕ್ತಿದ್ದೆ ಅನ್ನೋದೂ ಗೊತ್ತಿಲ್ಲ. ಕೈ ಮುಗಿದು ಹೇಳಿ ಬರ್ತೀನಿ. ಹನ್ನೆರಡು ಚೌಕಟ್ಟು, ಒಂದ್ರಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಇರಲಿಲ್ಲ ಸ್ವಾಮಿ. ಅಷ್ಟು ಸರಿಯಾಗಿ ಕೆಲಸ ಮಾಡಿದೋರಿಗೆ, ಸರಿಯಾಗಿ ಮಾಡಿದೀರಿ ಅಂತ ಒಬ್ಬರಾದ್ರೂ ಹೋಗಿ ಹೇಳಬೇಕಲ್ವಾ?"