ಕುದುರೆ ಮಾರುವ ಪುಟ

“ತಡೀರಿ ಸಾರ್, ಕುದುರಿ ನೋಡಾಕತ್ತೀನಿ.”

ಹಗರಿಬೊಮ್ಮನಹಳ್ಳಿ ರೈಲು ನಿಲ್ದಾಣದ ಬೆಂಚಿನಲ್ಲಿ ಕೌಬಾಯ್ ಕಾಮಿಕ್ಸಿನ ಪುಟ ತಿರುಗಿಸಹೊರಟ ನನ್ನನ್ನು ಪಕ್ಕದ ಮುದುಕರು ತಡೆದರು. ಅಮೆರಿಕದ ಬಂದೂಕುಗಾರರ ಕುರಿತ ನನ್ನ ಘನ ವ್ಯಾಸಂಗಕ್ಕೆ ಮನೆಯಲ್ಲೂ ಊರಲ್ಲೂ ಜೊತೆಗಾರರಿಲ್ಲ; ಕೂಡಲೇ ಪುಸ್ತಕವನ್ನು ಅವರತ್ತ ಸರಿಸಿದೆ. ಅವರು ಒಂದು ಕಾಲದಲ್ಲಿ ಕೊಟ್ಟೂರಿನಲ್ಲಿ ಜಟಕಾ ಹೊಡೆಯುತ್ತಿದ್ದರಂತೆ. ಕಾಮಿಕ್ಸಿನ ಕಥೆಯಲ್ಲಿ ಊರಿಗೆ ರೈಲು ಬಂದಿತ್ತು. ಕೆಲಸವಿಲ್ಲದ ಮುದಿ ಬಂದೂಕುಗಾರ ಕುದುರೆ ಹಿಡಿದು ಸಂತೆಯಲ್ಲಿ ನಿಂತಿದ್ದ.

“ಮಾರ್ತಾನೇನ್ರಿ ಅದನ್ನ?”

ಮುಂದಿನ ಪುಟದಲ್ಲೇ ಮಾರುತ್ತಾನೆಂದು ನನಗೆ ಗೊತ್ತಿತ್ತು. “ಇಲ್ಲ ಬಿಡ್ರಿ” ಎಂದು ಪುಸ್ತಕ ಮಡಚಿದೆ.

“ಚಲೋ ಆತು. ನಾ ಮಾರಿಬಿಟ್ಟೆ ನೋಡ್ರಿ” ಎನ್ನುತ್ತ, ಬಂದು ನಿಂತ ರೈಲು ಹತ್ತಿದರು.

ಈಗ ಮನೆಯಲ್ಲೂ ಪುಟ ತಿರುಗಿಸುವ ಮುನ್ನ ತುಸು ಕಾಯುತ್ತೇನೆ. ಯಾರೂ ತಡೀರಿ ಅನ್ನುವುದಿಲ್ಲ.