ಮೂವರಿಗೆ ಉಡಿಸುವವಳು

ಬೆಟ್ಟದ ಮೇಲಿನ ನಮ್ಮ ಯಾನಪಂಪದಲ್ಲಿ ಹಸಿಂತಾಳ ಅವಸರ ಹೆಸರುವಾಸಿ. ಸಾರು ಕುದಿಯುವ ಮೊದಲೇ ಬಟ್ಟಲು ತುಂಬುವವಳು, ಪಾದ್ರಿಗಳು ಆಮೆನ್ ಎನ್ನುವ ಮೊದಲೇ ಎದ್ದು ಬಾಗಿಲ ಕಡೆ ನಡೆಯುವವಳು, ಎದುರಿನವರ ಮಾತನ್ನೂ ತಾನೇ ಮುಗಿಸಿಕೊಡುವವಳು. ಇಂಥ ಹೆಂಗಸಿನ ಕೈಗೆ ಊರಿನಲ್ಲೇ ಅತಿ ನಿಧಾನದ ಕೆಲಸ ಬಿದ್ದಿತ್ತು: ಇಗರ್ಜಿಯ ಪೀಠದ ಮೇಲೆ ಕೂತ ಮೂವರಿಗೆ ಉಡುಪು ತೊಡಿಸುವುದು. ದೇವರಿಗೂ ಆಗಾಗ ಹುಡುಗಾಟ ಬೇಕು ಅಂತ ಕಾಣುತ್ತದೆ, ಇಲ್ಲದಿದ್ದರೆ ಈ ಜೋಡಿ ಹೇಗೆ ಕೂಡಿಬರುತ್ತಿತ್ತು?

ಮೂವರು ಎಂದರೆ ಪಿತ, ಸುತ, ಪವಿತ್ರಾತ್ಮ. ಬೇರೆ ಕಡೆ ಪಿತನಿಗೆ ನರೆತ ಗಡ್ಡ ಇಡುತ್ತಾರೆ, ಪವಿತ್ರಾತ್ಮನನ್ನು ಪಾರಿವಾಳ ಮಾಡುತ್ತಾರೆ. ನಮ್ಮಲ್ಲಿ ಹಾಗಲ್ಲ. ಒಂದೇ ಬೆಂಚಿನ ಮೇಲೆ ಮೂವರು ಗಂಡಸರು, ಒಂದೇ ವಯಸ್ಸು, ಒಂದೇ ಕಪ್ಪು ಗಡ್ಡ, ಒಂದೇ ಮುಖ. ಯಾವ ಕಾಲದಲ್ಲಿ ಯಾರು ಕೆತ್ತಿದರೋ, ಮೂವರಲ್ಲಿ ಹಿರಿಯರು ಕಿರಿಯರು ಇಲ್ಲ ಎಂದ ಮೇಲೆ ಮುಖ ಮಾತ್ರ ಯಾಕೆ ಬೇರೆ ಇರಬೇಕು ಎಂಬುದು ಕೆತ್ತಿದವನ ವಾದವಿದ್ದೀತು. ರೋಮ್‌ನವರಿಗೆ ಇಂಥ ಮೂರ್ತಿ ಹಿಡಿಸುವುದಿಲ್ಲವಂತೆ. ರೋಮ್ ದೂರ ಇದೆ.

ಗುರುತು ಹಿಡಿಯಬೇಕಾದರೆ ಉಡುಪನ್ನೇ ನೋಡಬೇಕು. ನೀಲಿ ಅಂಗಿಯ ಎದೆಯ ಮೇಲೆ ಸೂರ್ಯನ ಕಸೂತಿ ಇದ್ದರೆ ಪಿತ. ಕೆಂಪು ಅಂಗಿಯ ಮೇಲೆ ಕುರಿಮರಿ ಇದ್ದರೆ ಸುತ. ಬಿಳಿಯ ಮೇಲೆ ಪಾರಿವಾಳ, ಅದು ಪವಿತ್ರಾತ್ಮ. ಊರಿನವರು ತಮ್ಮ ಬೇಡಿಕೆಗಳನ್ನೂ ಹಾಗೆಯೇ ಹಂಚಿಬಿಟ್ಟಿದ್ದರು. ಆಲಿಕಲ್ಲು, ಬೆಳೆ ಸುಡುವ ಇಬ್ಬನಿ, ಹೊಲದ ತಂಟೆ ಇದ್ದರೆ ನೀಲಿಯವನ ಹತ್ತಿರ. ಪರೀಕ್ಷೆ, ಕೋರ್ಟು, ನಾಲಗೆ ಹೊರಳದ ಮಗು ಇದ್ದರೆ ಬಿಳಿಯವನ ಹತ್ತಿರ. ಕಾಯಿಲೆ, ಸಾವು ಎಂದರೆ ಕೆಂಪಿನವನೇ ಗತಿ.

ಉಡಿಸುವ ಕೆಲಸ ಅತ್ತೆಯಿಂದ ಸೊಸೆಗೆ ಬರುತ್ತದೆ. ಉಡಿಸುವ ಹೊತ್ತಿನಲ್ಲಿ ಇಗರ್ಜಿಯ ಹಿಂದಿನ ಕೋಣೆಯೊಳಗೆ ಗಂಡಸರು ಕಾಲಿಡುವ ಹಾಗಿಲ್ಲ. ಹಸಿಂತಾಳ ಅತ್ತೆ ಹಾಸಿಗೆ ಹಿಡಿದಾಗ ಸೊಸೆಯ ಕಿವಿ ಹಿಂಡಿ ಒಂದೇ ಮಾತು ಹೇಳಿದ್ದಳು: "ನಿನ್ನ ಅವಸರ ನಂಗೊತ್ತು ಕಣೇ. ಒಬ್ಬರಿಗೆ ಪೂರ್ತಿ ತೊಡಿಸಿ ಮುಗಿಸ್ದೆ ಇನ್ನೊಬ್ಬರ ಗುಂಡಿಗೆ ಕೈ ಹಾಕ್ಬೇಡ. ಬಟ್ಟೆ ತೆಗೆದ್ರೆ ಮೂವರೂ ಒಂದೇ. ಆಮೇಲೆ ಯಾರು ಯಾರು ಅಂತ ಆ ದೇವರೇ ಇಳಿದು ಬಂದು ಹೇಳ್ಬೇಕು."

ಹಸಿಂತಾ ಆ ಮಾತನ್ನು ಮೀರಿರಲಿಲ್ಲ. ಅದರಲ್ಲೂ ಎಲಾದಿಯೊ ಹೋದ ಮೇಲಂತೂ ಆ ಕೆಲಸವೇ ಅವಳ ಉಸಿರಾಗಿತ್ತು.

ಎಲಾದಿಯೊ ಅವಳ ಒಬ್ಬನೇ ಮಗ. ಮೇಲಿನ ಹುಲ್ಲುಗಾವಲಿನಲ್ಲಿ ಲಾಮಾಗಳ ಹಿಂದೆ ನಿಂತಿದ್ದಾಗ ಸಿಡಿಲು ಹೊಡೆಯಿತು. ಅವತ್ತು ಹೋಗಬೇಕಾಗಿದ್ದವನು ಅವನಲ್ಲ, ಅವನ ಅಪ್ಪ ಮೆಲ್ಚೋರ್. ಮೆಲ್ಚೋರ್‌ಗೆ ಮಂಡಿ ಊದಿತ್ತು. "ನೀನು ಹೋಗ್ಬಾ ಮಗ, ನಂಗೆ ಹತ್ತೋಕಾಗಲ್ಲ" ಎಂದಿದ್ದ. ಹೆಣ ಕೆಳಗೆ ತಂದಾಗ ಊರೆಲ್ಲ ಸೇರಿತ್ತು, ಊರೆಲ್ಲರ ಎದುರಿಗೇ ಹಸಿಂತಾ ಗಂಡನ ಕಡೆ ತಿರುಗಿ ಕೂಗಿದಳು: "ಕಳಿಸಿದ್ದು ನೀನು!" ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೆಲ್ಚೋರ್ ಅತ್ತಿದ್ದನ್ನು ಯಾರೂ ನೋಡಲಿಲ್ಲ. ಅಲ್ಲಿಂದಾಚೆ ಆ ಮನೆಯಲ್ಲಿ ಮಗನ ಹೆಸರು ಏಳಲಿಲ್ಲ. ನೇಗಿಲು, ಬೀಜ, ಉಪ್ಪು, ಸೌದೆ, ಇಷ್ಟರ ಮೇಲೆ ಆರು ವರ್ಷ ಸಂಸಾರ ನಡೆಯಿತು. ಗಂಡನ ಎದೆ ಕಲ್ಲು ಎಂದು ಹಸಿಂತಾ ತೀರ್ಮಾನ ಮಾಡಿಬಿಟ್ಟಿದ್ದಳು.

ಅವಳ ಅಳುವಿಗೆಲ್ಲ ಕೆಂಪು ಅಂಗಿಯವನೇ ದಿಕ್ಕು. ಪ್ರತಿ ಶನಿವಾರ ಬೆಳಿಗ್ಗೆ ಅವನ ಮುಂದೆ ಕೂತು ಕುರಿಮರಿಯ ಕಸೂತಿಯ ಮೇಲೆ ಕೈಯಿಟ್ಟು ಎಲ್ಲ ಹೇಳಿಕೊಳ್ಳುತ್ತಿದ್ದಳು. "ನೀನೂ ಒಬ್ಬ ತಾಯಿಯ ಮಗ. ನೀನೂ ಚಿಕ್ಕ ವಯಸ್ಸಿಗೇ ಹೋದವನು. ನಮ್ಮ ಹುಡುಗ ಅಲ್ಲಿ ಹೇಗಿದಾನೆ, ಚಳಿಗೆ ಏನು ಹೊದೀತಾನೆ, ಸ್ವಲ್ಪ ನೋಡ್ಕೊಳಪ್ಪ" ಎನ್ನುತ್ತಿದ್ದಳು.

ಆ ವರ್ಷ ತ್ರಿತ್ವದ, ಅಂದರೆ ಈ ಮೂವರ ಹಬ್ಬಕ್ಕೆ ವಾರವಿದ್ದಾಗ ಪೀಠದ ಗೋಡೆಗೆ ಸುಣ್ಣ ಹೊಡೆಯುವುದು ಎಂದಾಯಿತು. ಮೂವರನ್ನೂ ಇಳಿಸಿ ಹಿಂದಿನ ಕೋಣೆಯ ಬೆಂಚಿನ ಮೇಲೆ ಕೂರಿಸಿದರು. ಹತ್ತಿರದಿಂದ ನೋಡಿದರೆ ಮಳೆಗಾಲದ ಸೋರಿಕೆಗೆ ಅಂಗಿಗಳೆಲ್ಲ ಬೂಸಲು ಹಿಡಿದು ನಾರುತ್ತಿದ್ದವು. ಹೊರಗೆ ಒಳ್ಳೆಯ ಬಿಸಿಲು. ನಮ್ಮ ಕಡೆ ಜೂನ್ ಎಂದರೆ ಚಳಿಗಾಲ, ಬಿಸಿಲು ನೆಂಟರ ಹಾಗೆ, ಬಂತು ಎನ್ನುವಷ್ಟರಲ್ಲಿ ಗುಡ್ಡದ ಹಿಂದೆ ಹೋಗಿರುತ್ತದೆ. ಒಂದೊಂದಾಗಿ ಒಗೆದು ಒಣಗಿಸುತ್ತ ಕೂತರೆ ಹಬ್ಬವೇ ಮುಗಿದೀತು. ಹಸಿಂತಾ ಬೆಂಚನ್ನು ನೋಡಿದಳು. ನಡುವೆ ಪಿತ, ಬಲಕ್ಕೆ ಸುತ, ಎಡಕ್ಕೆ ಪವಿತ್ರಾತ್ಮ. ಇದನ್ನು ಮರೆಯುವುದಕ್ಕೆ ತಾನೇನು ಮುದುಕಿಯೇ? ಮೂರನ್ನೂ ಸರಸರ ಬಿಚ್ಚಿ, ಬರಿಮೈಗೆ ಒಂದೊಂದು ಕಂಬಳಿ ಹೊದಿಸಿ, ಹೊಳೆಗೆ ಓಡಿದಳು.

ವಾಪಸು ಬಂದಾಗ ಬೆಂಚು ಬಾಗಿಲ ಹತ್ತಿರ ಇರಲಿಲ್ಲ, ಕಿಟಕಿಯ ಕೆಳಗಿತ್ತು. ಸುಣ್ಣದವರು ಏಣಿ ಒಳಗೆ ತರಲು ಎಲ್ಲವನ್ನೂ ಸರಿಸಿದ್ದರು. ಅವಳು ಸುಣ್ಣದವರ ಹತ್ತಿರ ಓಡಿದಳು.

"ಏನ್ರೋ, ಇವರನ್ನ ಇಳಿಸಿದ್ರಾ?"

"ಹೂಂ ಅಕ್ಕ. ಭಾರ ಅಂದ್ರೆ ಭಾರ. ಒಬ್ಬೊಬ್ಬರನ್ನೇ ಎತ್ತಿ ಆಚೆ ಇಟ್ಟು ಮತ್ತೆ ಕೂರಿಸಿದ್ವಿ."

"ಇದ್ದ ಹಾಗೇ ಕೂರಿಸಿದ್ರಾ?"

ಸುಣ್ಣ ಬಳಿಯುತ್ತಿದ್ದವನು ಕುಂಚ ಕೆಳಗಿಟ್ಟು ತಲೆ ಕೆರೆದುಕೊಂಡ. "ಮೂವರೂ ಒಂದೇ ತರ ಇದಾರಲ್ಲಕ್ಕ. ಎಲ್ಲಿ ಕೂರಿಸಿದ್ರೇನು?"

ಹಸಿಂತಾ ಕಂಬಳಿ ಸರಿಸಿ ನೋಡಿದಳು. ಮೂರು ಮುಖಗಳೂ ಅವಳನ್ನೇ ನೋಡಿದವು, ಯಾವುದೂ ಬಾಯಿ ಬಿಡಲಿಲ್ಲ.

ಅಲ್ಲಿಂದ ಶುರುವಾಯಿತು. ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು. ಕೆಡದಂತೆ ಒಣಗಿಸಿಡಲು ರಾತ್ರಿಯ ಕೊರೆಯುವ ಇಬ್ಬನಿಗೆ ಹಾಸಿದ ಆಲೂಗಡ್ಡೆ ತುಳಿಯಲು ಹೋದವಳು ನೀರು ಹಿಂಡುವ ಬದಲು ಗೆಡ್ಡೆಯನ್ನೇ ಮುದ್ದೆ ಮಾಡಿದಳು. ಒಲೆಯ ಮೇಲೆ ಜೋಳ ಇಟ್ಟು ಇಗರ್ಜಿಗೆ ಓಡುವಳು, ಅಲ್ಲಿ ಮೂವರನ್ನೂ ಮಿಕಿಮಿಕಿ ನೋಡುವಳು, ಜೋಳ ನೆನಪಾಗಿ ಮನೆಗೆ ಓಡುವಳು. ಪಕ್ಕದ ಮನೆಯ ಬ್ರಿಹಿದಾ ಬೇಲಿಯ ಮೇಲಿಂದ ಕತ್ತು ಚಾಚಿದಳು. ಆ ವರ್ಷದ ಹಬ್ಬದ ಯಜಮಾನಿಕೆ ಅವಳ ಗಂಡನದು, ಹಾಗಾಗಿ ಕತ್ತು ಎಂದಿಗಿಂತ ಉದ್ದವಾಗಿತ್ತು.

"ಏನಕ್ಕ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಅಂಗಿ ಒಣಗಿ ಎರಡು ದಿನ ಆಯ್ತು, ಇನ್ನೂ ತೊಡಿಸಿಲ್ವಂತೆ?"

"ಇಸ್ತ್ರಿ ಬಾಕಿ ಇದೆ."

"ಇಸ್ತ್ರಿಗೆ ಎರಡು ದಿನವಾ? ಬೇಗ ಬೇಗ ಮಾಡ್ಕೊಳಮ್ಮ. ನೀನೇ ನಿಧಾನ ಮಾಡಿದ್ರೆ ಲೋಕ ಮುಳುಗಿಹೋಗತ್ತೆ!" ಎಂದು ಕಿಸಕ್ಕನೆ ನಕ್ಕಳು.

ಊರಿಗೆ ಗೊತ್ತಾದರೆ ಕೆಲಸ ಕೈತಪ್ಪುವುದು ಖಚಿತ. ಆದರೆ ಅವಳನ್ನು ತಿನ್ನುತ್ತಿದ್ದದ್ದು ಅದಲ್ಲ. ಶನಿವಾರ ಬಂದರೆ ಯಾರ ಮುಂದೆ ಕೂರುವುದು? ಮಗನ ಸುದ್ದಿ ಯಾರನ್ನು ಕೇಳುವುದು? ತಪ್ಪು ಜಾಗದಲ್ಲಿ ಕೂತು ಅತ್ತರೆ ಅದು ಯಾರ ಕಿವಿಗೆ? ಆರು ವರ್ಷ ಕೂಡಿಟ್ಟ ಮಾತೆಲ್ಲ ಹೊಳೆಯ ಪಾಲಾದ ಹಾಗಾಯಿತು.

ಗುರುವಾರ ಪಾದ್ರಿ ಒಕ್ತಾವಿಯೊ ಪೇಟೆಯಿಂದ ಮೋಟಾರ್ ಸೈಕಲ್ ಮೇಲೆ ಬಂದರು. ಹಸಿಂತಾ ಎಲ್ಲರಿಗಿಂತ ಮೊದಲು ಪಾಪನಿವೇದನೆಗೆ ನುಗ್ಗಿ ಒಂದೇ ಉಸಿರಿಗೆ ಎಲ್ಲ ಒದರಿದಳು. ಪಾದ್ರಿಗಳು ನಗು ತಡೆದುಕೊಂಡರು, ಅದು ಇಬ್ಬರ ನಡುವಿನ ಜಾಲರಿಯ ಈಚೆಗೂ ಕೇಳಿಸಿತು.

"ಇದು ಪಾಪ ಅಲ್ಲಮ್ಮ. ಅದು ಮರ. ಪಿತನೂ ದೇವರು, ಸುತನೂ ದೇವರು, ಪವಿತ್ರಾತ್ಮನೂ ದೇವರು. ಹಾಗಂತ ಮೂರು ದೇವರಿಲ್ಲ, ಒಬ್ಬನೇ. ರೊಟ್ಟಿ ಮುರಿದ ಹಾಗೆ ಮೂರು ತುಂಡೂ ಅಲ್ಲ, ಒಬ್ಬೊಬ್ಬರೂ ಪೂರ್ತಿ. ಯಾರಿಗೆ ಯಾವ ಅಂಗಿ ಹಾಕಿದ್ರೂ ನಡೆಯುತ್ತೆ, ಹೋಗು."

"ಸ್ವಾಮಿ, ಶಿಲುಬೆ ಮೇಲೆ ಸತ್ತವರು ಮೂವರಾ?"

"ಇಲ್ಲ. ಸುತ ಮಾತ್ರ."

"ಮತ್ತೆ ಯಾರಿಗಾದ್ರೂ ನಡೆಯುತ್ತೆ ಅಂತೀರಲ್ಲ!"

ಪಾದ್ರಿಗಳು ಜಾಲರಿಯ ಹತ್ತಿರಕ್ಕೆ ಬಾಗಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು. "ನೀನು ಹೇಳೋದು ಸರಿ. ಪಿತ ಸುತನಲ್ಲ, ಸುತ ಪಿತನಲ್ಲ. ಒಬ್ಬರು ಇನ್ನೊಬ್ಬರಾಗಲ್ಲ. ಆದರೆ ಒಬ್ಬರನ್ನ ಬಿಟ್ಟು ಇನ್ನೊಬ್ಬರೂ ಇಲ್ಲ ಹಸಿಂತಾ. ಒಬ್ಬರ ಮುಂದೆ ಅತ್ತರೆ ಮೂವರಿಗೂ ಕೇಳುತ್ತೆ. ಇದಕ್ಕಿಂತ ಹೆಚ್ಚು ನಂಗೂ ಗೊತ್ತಿಲ್ಲ."

ಕೇಳುತ್ತದಂತೆ! ಅಷ್ಟು ಹೇಳಿದರೆ ತಾಯಿಯ ಹೊಟ್ಟೆ ತಣ್ಣಗಾಗುತ್ತದೆಯೇ? ನಿನ್ನ ಮಗ ಹೋದರೇನು, ಊರಲ್ಲಿ ಎಷ್ಟೋ ಹುಡುಗರಿದ್ದಾರೆ ಎಂದ ಹಾಗಾಯಿತು. ಹಸಿಂತಾ ಒಳಗೆ ಹೋದಾಗಿನದಕ್ಕಿಂತ ಹೆಚ್ಚು ಕುದಿಯುತ್ತ ಹೊರಬಂದಳು. ನನಗೆ ಕೇಳಿದರೆ ಪಾದ್ರಿಗಳ ಮಾತು ಅಷ್ಟೇನೂ ಕೆಟ್ಟದಾಗಿರಲಿಲ್ಲ, ಆದರೆ ಕುದಿಯುವವರಿಗೆ ಮಾತು ಹಿಡಿಸಿದ್ದುಂಟೇ?

ಶನಿವಾರ ಮಧ್ಯಾಹ್ನ. ಸಂಜೆಗೆ ಹೊರುವವರು ಬಂದು ಮೂವರನ್ನೂ ಪೀಠಕ್ಕೆ ಏರಿಸಬೇಕು. ಹಸಿಂತಾ ಕೋಣೆಯೊಳಗೆ ಮೂರು ಅಂಗಿಗಳನ್ನು ತೋಳ ಮೇಲೆ ಹಾಕಿಕೊಂಡು ಅತ್ತಿಂದಿತ್ತ ತಿರುಗುತ್ತಿದ್ದಳು. ಕೆಂಪನ್ನು ಒಬ್ಬನ ಭುಜಕ್ಕೆ ಹಿಡಿಯುವಳು, ಅಲ್ಲ ಎನ್ನಿಸುವುದು, ಇನ್ನೊಬ್ಬನಿಗೆ ಹಿಡಿಯುವಳು. ಕೊನೆಗೆ ಅಂಗಿಗಳನ್ನು ನೆಲಕ್ಕೆಸೆದು, "ಯಾರಪ್ಪಾ ನೀನು, ಒಂದು ಸಲ ಹೇಳಿಬಿಡಬಾರದಾ?" ಎಂದು ಗಟ್ಟಿಯಾಗಿ ಕೂಗಿಬಿಟ್ಟಳು.

ಬಾಗಿಲು ತೆರೆಯಿತು. ಮೆಲ್ಚೋರ್ ನಿಂತಿದ್ದ. ಹೊರುವವರಲ್ಲಿ ಅವನೂ ಒಬ್ಬ, ಬೇಗ ಬಂದು ಹೊರಗೆ ಕೂತಿದ್ದ.

"ಒಳಗೆ ಬರ್ಬೇಡ! ಗಂಡಸರು ಬರೋ ಹಾಗಿಲ್ಲ!"

ಅವನು ಬಂದೇಬಿಟ್ಟ. ನೆಲದ ಮೇಲಿನ ಅಂಗಿ ನೋಡಿದ, ಬೆಂಚು ನೋಡಿದ, ಹೆಂಡತಿಯ ಮುಖ ನೋಡಿದ. ಅವಳಿಗೆ ಇನ್ನು ಮುಚ್ಚಿಡುವ ತ್ರಾಣ ಇರಲಿಲ್ಲ.

"ಕಲಸಿಬಿಟ್ಟೆ. ಯಾರು ಯಾರು ಅಂತ ಗೊತ್ತಾಗ್ತಿಲ್ಲ."

ಮೆಲ್ಚೋರ್ ಬೆಂಚಿನ ಮುಂದೆ ಮಂಡಿಯೂರಿದ. ಮೊದಲನೆಯವನ ಎಡಗೈ ಹಿಡಿದು ಹೆಬ್ಬೆರಳ ಬುಡ ಸವರಿದ, ಬಿಟ್ಟ. ಎರಡನೆಯವನದು ಸವರಿ ಅದನ್ನೂ ಬಿಟ್ಟ. ಕಿಟಕಿಯ ಪಕ್ಕದವನ ಕೈ ಹಿಡಿದವನು ಮಾತ್ರ ಬಿಡಲಿಲ್ಲ.

"ಇವನು ಪಿತ."

"ನಿಂಗೆ ಹೇಗೆ ಗೊತ್ತು?"

"ಹೆಬ್ಬೆರಳು ನಾನೇ ಮುರಿದದ್ದು."

ಹಸಿಂತಾಳಿಗೆ ಅರ್ಥವಾಗಲಿಲ್ಲ. ಅವನು ಆ ಮರದ ಕೈಯನ್ನೇ ನೋಡುತ್ತ ಹೇಳಿದ. "ಹುಡುಗನ್ನ ಮಣ್ಣು ಮಾಡಿದ ಮಾರನೇ ದಿನ ಬಂದಿದ್ದೆ. ಒಬ್ಬನೇ. ನೀಲಿ ಅಂಗಿಯವನ ಕೈ ಹಿಡಿದು ತಿರುಚಿದೆ. ನಾನಾದ್ರೆ ಮಂಡಿ ನೋವು ಅಂತ ಕಳಿಸ್ದೆ, ನೀನು ಯಾಕಯ್ಯಾ ನಿನ್ನ ಮಗನ್ನ ಕಳಿಸ್ದೆ, ಸಾಯ್ತಾನೆ ಅಂತ ಗೊತ್ತಿದ್ದೂ ಕಳಿಸಿದ್ಯಲ್ಲ ಅಂತ ಕೂಗಾಡ್ದೆ. ಬೆರಳು ಕಿತ್ಕೊಂಡು ಕೈಗೆ ಬಂತು. ಹೆದರಿಕೆ ಆಯ್ತು. ಅಂಟು ತಂದು ಕೂರಿಸ್ದೆ, ಬಣ್ಣ ಬಳಿದೆ. ಅಂಟು ಗಂಟು ಕಟ್ಟಿದೆ, ನೋಡು, ಸವರಿದ್ರೆ ಸಿಗುತ್ತೆ."

ಅವಳು ಸವರಿದಳು. ಸಿಕ್ಕಿತು. ಅಷ್ಟು ವರ್ಷ ಉಡಿಸಿದವಳು, ಅವಸರದಲ್ಲಿ ತೋಳೆಳೆದು ಗುಂಡಿ ಹಾಕಿದವಳು, ಆ ಬೆರಳನ್ನು ಕಂಡೇ ಇರಲಿಲ್ಲ. ಕೆಂಪಿನವನ ಕೈಯನ್ನೂ ಅವಳು ಹೀಗೆ ಹಿಡಿದು ನೋಡಿದವಳಲ್ಲ. ಅವಳಿಗೆ ಗೊತ್ತಿದ್ದದ್ದು ಅಂಗಿ.

"ಆಮೇಲೆ ಮತ್ತೆ ಬಂದಿದ್ಯಾ?"

"ನೀನು ಶನಿವಾರ ಬರ್ತಿದ್ದೆ. ನಾನು ಸೋಮವಾರ, ಸಂತೆಗೆ ಹೋಗ್ತಾ. ಅವನ ಕೈ ಹಿಡ್ಕೊಂಡು ಸ್ವಲ್ಪ ಹೊತ್ತು ಕೂತು ಹೋಗ್ತಿದ್ದೆ. ಇದನ್ನ ಹೇಗೆ ತಡ್ಕೊಂಡೆ ಅಂತ ಕೇಳ್ತಿದ್ದೆ."

"ಏನಂದ?"

"ಏನಂತಾನೆ. ಅವನೂ ನನ್ನ ಹಾಗೇ. ಬಾಯಿ ಬಿಡಲಿಲ್ಲ."

ಹಸಿಂತಾ ಅವನ ಪಕ್ಕದಲ್ಲಿ ನೆಲದ ಮೇಲೆ ಕುಸಿದು ಕೂತಳು. ಮಗನನ್ನು ಕಳೆದುಕೊಂಡ ತಾಯಿ, ಸತ್ತ ಮಗ, ಇವರಿಬ್ಬರ ನಡುವೆಯೇ ಆರು ವರ್ಷ ಅವಳ ಪ್ರಾರ್ಥನೆ ನಡೆದಿತ್ತು. ಮಗನನ್ನು ಕಳಿಸಿಕೊಟ್ಟು ಹಿಂದೆ ಉಳಿದ ಅಪ್ಪನೂ ಒಬ್ಬನಿದ್ದಾನೆ, ಅದೇ ಬೆಂಚಿನ ಮೇಲೆ, ಅದೇ ಮನೆಯಲ್ಲಿ, ಎಂಬುದು ಅವಳಿಗೆ ಹೊಳೆದಿರಲೇ ಇಲ್ಲ.

"ಉಳಿದಿಬ್ಬರು?" ಎಂದಳು, ಮಾತಿಗೆ.

"ಅವರು ನಂಗೆ ಗೊತ್ತಿಲ್ಲ."

ಹೊರಗೆ ಹೊರುವವರ ಮಾತು ಕೇಳಿಸತೊಡಗಿತ್ತು. ಹಸಿಂತಾ ನೀಲಿ ಅಂಗಿ ಕೊಡವಿ ಎತ್ತಿಕೊಂಡಳು. ಒಂದು ತೋಳನ್ನು ಗಂಡನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ನಿಧಾನವಾಗಿ, ಬೆರಳಿಗೆ ತಾಗದ ಹಾಗೆ, ತೊಡಿಸಿದರು. ಕೊನೆಯ ಗುಂಡಿ ಹಾಕುತ್ತ ಅವಳು ಅವನ ಕಡೆ ನೋಡದೆ ಅಂದಳು.

"ಎಲಾದಿಯೊ ಸತ್ತ ದಿನ ನಾನೊಂದು ಮಾತು ಅಂದಿದ್ದೆ."

"ಕಳಿಸಿದ್ದು ನಾನೇ ಅಲ್ವಾ."

"ಹೂಂ, ಕಳಿಸಿದ್ದು ನೀನೇ. ಸಾಯ್ಲಿ ಅಂತ ಕಳಿಸ್ಲಿಲ್ಲ."

ಮೆಲ್ಚೋರ್ ನೀಲಿ ಅಂಗಿಯ ಮಡಿಲಿಗೆ ಹಣೆಯಿಟ್ಟು ದೊಡ್ಡ ದನಿಯಲ್ಲಿ ಅಳತೊಡಗಿದ. ಹೊರಗಿನ ಮಾತು ಗಕ್ಕನೆ ನಿಂತಿತು. ಹಸಿಂತಾ ಕೆಂಪು, ಬಿಳಿ ಅಂಗಿಗಳನ್ನು ನೆಲದ ಮೇಲೇ ಬಿಟ್ಟು ಹೋಗಿ ಬಾಗಿಲ ಅಗುಳಿ ಹಾಕಿ ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು.