ಮೂರು ಲೋಟದಲ್ಲಿ ಅಳೆದ ವೆಂಬನಾಡು

ದಿನಕ್ಕೆ ಮೂರು ಲೋಟ. ಡಯಾಲಿಸಿಸ್ ಶುರುವಾದ ದಿನ ಡಾಕ್ಟರು ನನ್ನ ಗಂಡನಿಗೆ ಹಾಕಿಕೊಟ್ಟ ನೀರಿನ ಮಿತಿ ಅದು. ಕಾಫಿ, ಮಜ್ಜಿಗೆ ಎಲ್ಲ ಸೇರಿ ಅಷ್ಟೇ. ಮೊದಲ ತಿಂಗಳು ನಾನು ಲೋಟಗಳನ್ನು ಮಾತ್ರ ಎಣಿಸುತ್ತ, ಅನ್ನದ ಮೇಲೆ ಸೌಟುಗಟ್ಟಲೆ ಸಾರು ಸುರಿಯುತ್ತಿದ್ದೆ. ಮೈಸೂರಿನವಳು ನಾನು, ಸಾರೂ ನೀರೇ ಅಂತ ಯಾವತ್ತಾದರೂ ಹೊಳೆದೀತೇ? ಮೈಯೆಲ್ಲ ಊದಿ, ಇವರು ಉಸಿರಿಗೆ ಒದ್ದಾಡಿದ ಮೇಲೆ ನನಗೆ ಬುದ್ಧಿ ಬಂತು.

ಇಲ್ಲಿ ಕೇರಳದ ತ್ರಿಪ್ಪುಣಿತ್ತುರದಲ್ಲಿ ಯಾರ ಮನೆಗೆ ಹೋದರೂ ಕೆಂಪು ಮರದ ಚಕ್ಕೆ ಹಾಕಿ ಕುದಿಸಿದ ಗುಲಾಬಿ ಬಣ್ಣದ ನೀರು ಮೊದಲು ಬರುತ್ತದೆ. ಬೇಡವೆಂದರೆ ಬೇಜಾರು, ಕುಡಿದರೆ ಆಪತ್ತು. ಹೋಗುವುದನ್ನೇ ಬಿಟ್ಟೆವು.

ನನ್ನ ಕಿಡ್ನಿ ಇವರಿಗೆ ಹೊಂದುವುದಿಲ್ಲವೆಂದು ತಿರುವನಂತಪುರದ ಆಸ್ಪತ್ರೆಯವರು ಹೇಳಿ ಕಳಿಸಿದರು. ಕೊಡುವವರು ಬೇರೆ ಯಾರೂ ಇರಲಿಲ್ಲ. ಅದೇ ವಾರ ಮಗಳು ಶಾಲೆಯಿಂದ ಒಂದು ಪ್ರಾಜೆಕ್ಟ್ ತಂದಳು. ನಮ್ಮ ದೊಡ್ಡ ಸರೋವರ ವೆಂಬನಾಡಿನಲ್ಲಿ ಎಷ್ಟು ನೀರಿದೆ ಎಂಬುದನ್ನು ಚಿಕ್ಕ ಮಕ್ಕಳಿಗೂ ತಿಳಿಯುವಂತೆ ಹೇಳಬೇಕಂತೆ. ಟ್ಯಾಂಕರ್ ಲಾರಿಯ ಲೆಕ್ಕದಲ್ಲಿ ಹೇಳು ಎಂದೆ ನಾನು.

"ಲಾರಿ ಗೀರಿ ಬೇಡ ಕಣೇ. ನನ್ನ ಲೋಟದಲ್ಲೇ ಅಳೆಯೋಣ," ಎಂದರು ಇವರು.

ಅಪ್ಪ ಮಗಳು ಗುಣಿಸಿದ್ದೇ ಗುಣಿಸಿದ್ದು. ಮೊಬೈಲಿನ ಪರದೆಯಲ್ಲಿ ಸೊನ್ನೆಗಳು ಹಿಡಿಸಲಿಲ್ಲ. ಭೂಮಿಯ ಮೇಲೆ ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಒಬ್ಬ ಕುಡಿಯಲು ಕೂತಿದ್ದರೂ, ದಿನಕ್ಕೆ ಮೂರು ಲೋಟದಂತೆ, ವೆಂಬನಾಡು ಇನ್ನೂ ಖಾಲಿಯಾಗುತ್ತಿರಲಿಲ್ಲ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಲಯಾಳ. ಹಾಗಾದರೆ ಅಪ್ಪ ಇನ್ನು ಮುಂದೆ ಕುಡಿಯುವ ನೀರೆಲ್ಲ ಸೇರಿದರೆ ಎಷ್ಟಾಗುತ್ತದೆ ಎಂದು ಮಲಯಾಳದಲ್ಲೇ ಕೇಳಿಬಿಟ್ಟಳು, ಪೆದ್ದಿ.

ಇವರು ಮೊಬೈಲ್ ಮುಟ್ಟಲಿಲ್ಲ. "ಬಚ್ಚಲಲ್ಲಿ ನೀಲಿ ಡ್ರಮ್ ಇದೆಯಲ್ಲ ಪುಟ್ಟಿ, ಅಷ್ಟು. ಅದೂ ಪೂರ್ತಿ ತುಂಬಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ಮಗು ಮುಂದೆ ಏನ್ರೀ ಇದು ಮಾತು? ಬಿಡ್ತು ಅನ್ನಿ!" ಎಂದು ರೇಗಿದೆ. ಇವರು ಅನ್ನಲಿಲ್ಲ.

ಮಗಳು ಟ್ಯೂಷನ್ನಿಗೆ ಹೋದ ಮೇಲೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು. ಆ ದಿನದ ಮೂರೂ ಲೋಟ ಮುಗಿದಿತ್ತು. ತುಟಿ ಒಡೆದು ಬಿಳಿಚಿಕೊಂಡಿತ್ತು.

"ಸಿಗದೇ ಇರೋ ಕಿಡ್ನಿಗೋಸ್ಕರ ಯಾಕೆ ನನ್ನನ್ನ ಹಿಂಗೆ ಒಣಗಿಸ್ತೀಯ? ಒಂದೇ ಒಂದು ಲೋಟ ಕೊಡೇ."

ಫ್ರಿಜ್ಜಿನಿಂದ ತಣ್ಣನೆ ನೀರು ತೆಗೆದು ಕೊಟ್ಟೆ. ಕಣ್ಣು ಮುಚ್ಚಿ ಗಟಗಟ ಕುಡಿದರು. ಕೇಳದೇ ಇನ್ನೊಂದು ಕೊಟ್ಟೆ. ಆಮೇಲೆ ಮತ್ತೊಂದು. ಅಷ್ಟು ಖುಷಿಯನ್ನು ಆ ಮುಖದ ಮೇಲೆ ನೋಡಿ ವರ್ಷವಾಗಿತ್ತು.

ಮಾರನೆಯ ದಿನ ಡಯಾಲಿಸಿಸ್ಸಿಗೆ ಮುಂಚೆ ಮೈಯಲ್ಲಿ ನಿಂತ ನೀರಿಗೆ ತೂಕ ಏರಿದ್ದನ್ನು ನೋಡಿ ನರ್ಸ್ ಸಿಟ್ಟಾದಳು.

"ಎಂದಾ ಚೇಟ್ಟಾ ಇದ್?" ಏನಣ್ಣಾ ಇದು ಎಂದವಳು ನನ್ನ ಕಡೆ ತಿರುಗಿದಳು. "ಚೇಚಿ ನೋಕ್ಕಿಯಿಲ್ಲೇ?" ನೀವು ನೋಡಿಕೊಳ್ಳಲಿಲ್ಲವಾ ಅಕ್ಕಾ?

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಮುರುಕು ಮಲಯಾಳದಲ್ಲಿ ಹೇಳಿಯಾಗಿತ್ತು: ಅವಳಿಗೆ ಗೊತ್ತಿಲ್ಲ, ನಾನೇ ಕದ್ದು ಕುಡಿದೆ. ವಾರ್ಡಿನಲ್ಲಿದ್ದವರೆಲ್ಲ ನೋಡುತ್ತಿರುವಾಗ ಆಕೆ ಇವರನ್ನು ಚೆನ್ನಾಗಿ ಬೈದಳು. ಇವರು ತಲೆ ತಗ್ಗಿಸಿ ಬೈಸಿಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ, ಕೊಟ್ಟವಳು ನಾನು ಅಂತ ಹೇಳಲಿಲ್ಲ.